ಕಾರ್ ಶೆಡ್ ಬಾಡಿಗೆಗೆ ಕೊಡೋ ಮೊದಲು ಸಂಪು ಎಲ್ಲಿದೆ ನೋಡಿಕೊಳ್ಳಿ

ಬೆಂಗಳೂರು, ಮೈಸೂರಿನ ಹಳೇ ಬಡಾವಣೆಗಳಲ್ಲಿ ಕಾರಿಲ್ಲದ ಕಾರ್ ಶೆಡ್ಡುಗಳು ಬೇಕಾದಷ್ಟಿವೆ. ಮಕ್ಕಳು ದೂರದೂರಲ್ಲಿದ್ದಾರೆ, ಕಾರು ಮಾರಿ ವರ್ಷಗಳಾಗಿವೆ, ಶೆಡ್ಡಿನಲ್ಲಿ ಹಳೇ ಪೇಪರು, ಕಾಲು ಮುರಿದ ಕುರ್ಚಿ. ಇನ್ನೊಂದು ಕಡೆ ಅಪಾರ್ಟ್‌ಮೆಂಟಿನಲ್ಲಿರೋ ಹುಡುಗರು ಯೆಜ್ಡಿ ಬೈಕನ್ನೋ ಯಮಹಾ ಆರ್‌ಎಕ್ಸ್ 100ನ್ನೋ ಮಾರುತಿ 800 ಕಾರನ್ನೋ ತಮ್ಮ ಕೈಯಾರೆ ಬಿಚ್ಚಿ ಜೋಡಿಸಬೇಕು ಅಂತ ಜಾಗ ಹುಡುಕುತ್ತಿದ್ದಾರೆ. ಅವರ ಬೇಸ್‌ಮೆಂಟಿನಲ್ಲಿ ನಾಲ್ಕು ಹನಿ ಆಯಿಲ್ ಬಿದ್ದರೆ ಅಸೋಸಿಯೇಷನ್ನಿನವರು ಗಲಾಟೆ ಮಾಡ್ತಾರೆ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮೈಸೂರಲ್ಲೇ ತಯಾರಾಗಿವೆ. ಅವನ್ನು ಬದುಕಿಸಿ ಓಡಿಸಬೇಕು ಅನ್ನೋ ಹಂಬಲ ಈ ನೆಲದಲ್ಲಿ ಹುಟ್ಟಿದ್ದೇ. ಖಾಲಿ ಶೆಡ್ಡು ಅಂಥವರ ಕೈಗೆ ಸಿಗಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ತಿಂಗಳಿಗಿಷ್ಟು ಅಂತ ಮಾತಾಡಿ, ಬೀಗದ ಕೈ ಕೊಟ್ಟು, ಮಾಲೀಕರು ಮನೆಯೊಳಗೆ ಹೋಗಿ ಕೂರೋ ಪದ್ಧತಿ ಇದೆಯಲ್ಲ, ಅದು ತಪ್ಪು. ನೆಲ, ವೈರಿಂಗು, ಗಾಡಿಯನ್ನು ಎತ್ತಿ ಹಿಡಿಯೋ ಸ್ಟ್ಯಾಂಡು, ಹಳೇ ಆಯಿಲ್ ಹೋಗೋ ದಾರಿ: ಈ ನಾಲ್ಕೂ ಜಾಗದ ಮಾಲೀಕರ ಹೊಣೆ. ಸ್ಪ್ಯಾನರು, ಸ್ಕ್ರೂಡ್ರೈವರು ಬಾಡಿಗೆಗೆ ಬರೋರು ತರಲಿ. ಈಗ ಆಗ್ತಿರೋದು ಇದರ ಉಲ್ಟಾ. ಮಾಲೀಕರು ಪ್ರೀತಿಯಿಂದ ಹಳೇ ಸ್ಪ್ಯಾನರ್ ಸೆಟ್ಟು ತೆಗೆದುಕೊಡ್ತಾರೆ, ಗಾಡಿ ನಿಲ್ಲಿಸೋಕೆ ಮಾತ್ರ ಸಿಮೆಂಟ್ ಬ್ಲಾಕು ತೋರಿಸ್ತಾರೆ.

ನೆಲದಿಂದ ಶುರು ಮಾಡೋಣ. 30-40 ಸೈಟಿನ ಮನೆಗಳಲ್ಲಿ ನೀರಿನ ಸಂಪು ಸಾಮಾನ್ಯವಾಗಿ ಕಾರು ನಿಲ್ಲೋ ಪೋರ್ಟಿಕೋ ಕೆಳಗೇ ಇರುತ್ತೆ. ಮೇಲೆ ನಾಲ್ಕೈದು ಇಂಚಿನ ಸ್ಲ್ಯಾಬು, ಎರಡಡಿ ಚೌಕದ ಮುಚ್ಚಳ. ಇಪ್ಪತ್ತು ವರ್ಷದಿಂದ ಕಾರು ನಿಂತೇ ಇತ್ತಲ್ಲ, ಏನಾಗಿದೆ ಅಂತ ಕೇಳಬಹುದು. ಟೈರು ಅಂಗೈ ಅಗಲದಲ್ಲಿ ಮೆತ್ತಗೆ ಭಾರ ಊರುತ್ತೆ. ಜಾಕ್ ಸ್ಟ್ಯಾಂಡು ಅದೇ ಭಾರವನ್ನು ನಾಲ್ಕು ಚೂಪು ಕಬ್ಬಿಣದ ಪಾದಗಳ ಮೇಲೆ ಹಾಕುತ್ತೆ, ಅದೂ ಟೈರು ಯಾವತ್ತೂ ನಿಲ್ಲದ ಜಾಗದಲ್ಲಿ, ಕೆಲವು ಸಲ ಮುಚ್ಚಳದ ಅಂಚಿನಲ್ಲೇ. ಹಳೇ ಸಂಪಿನ ಸ್ಲ್ಯಾಬು ಕೆಳಗಿನ ತೇವಕ್ಕೆ ಒಳಗೊಳಗೇ ಹಾಳಾಗಿರುತ್ತೆ. ಮೇಲಿನ ಟೈಲ್ಸ್ ಫಳಫಳ ಅಂತಿರುತ್ತೆ. ಸಂಪು ಅರ್ಧ ಖಾಲಿಯಾದ ದಿನ ಟಾರ್ಚು ಹಿಡಿದು ಸ್ಲ್ಯಾಬಿನ ಅಡಿಭಾಗ ನೋಡಿ. ಕಂದು ಬಣ್ಣದ ಗೆರೆಗಳಿದ್ದರೆ ಒಳಗಿನ ಕಂಬಿ ತುಕ್ಕು ಹಿಡೀತಿದೆ ಅಂತರ್ಥ. ಸಿಮೆಂಟು ಉದುರಿ ಕಂಬಿಯೇ ಕಾಣ್ತಿದ್ದರೆ ಆ ಜಾಗವನ್ನು ಕಾರು ಕೆಲಸಕ್ಕೆ ಕೊಡಲೇಬೇಡಿ. ಸ್ಲ್ಯಾಬು ಗಟ್ಟಿಯಿದ್ದರೂ ಸಂಪಿನ ಅಂಚಿನಿಂದ ಒಂದಡಿ ಆಚೆಗೆ ಹಳದಿ ಪೇಂಟಲ್ಲಿ ಗೆರೆ ಎಳೆದು, ಆ ಗೆರೆಯೊಳಗೆ ಜಾಕು, ಸ್ಟ್ಯಾಂಡು ಇಡಕೂಡದು ಅಂತ ನಿಯಮ ಮಾಡಿ. ಮುಚ್ಚಳ ನೆಲದ ಮಟ್ಟಕ್ಕೇ ಇದ್ದರೆ ಸುತ್ತ ಮೂರಿಂಚು ಕಟ್ಟೆ ಕಟ್ಟಿಸಿ, ಮುಚ್ಚಳಕ್ಕೆ ರಬ್ಬರ್ ಬೀಡಿಂಗ್ ಹಾಕಿಸಿ. ಮೇಸ್ತ್ರಿಗೆ ಅರ್ಧ ದಿನದ ಕೆಲಸ. ಇಲ್ಲದಿದ್ದರೆ ಒಂದು ಬಕೆಟ್ ನೀರು ಹಾಕಿ ನೆಲ ತೊಳೆದ ದಿನ, ಆಯಿಲ್ ಬೆರೆತ ನೀರು ಮನೆಯವರು ಬಳಸೋ ನೀರಿಗೇ ಇಳಿಯುತ್ತೆ. ಮಳೆನೀರು ಇಂಗುಗುಂಡಿ ಗೇಟಿನ ಪಕ್ಕದಲ್ಲಿದ್ದರೆ ಅದಕ್ಕೂ ಇದೇ ಮಾತು.

ಅಳತೆ: 10 ಅಡಿ ಅಗಲ, 18 ಅಡಿ ಉದ್ದದ ಶೆಡ್ಡಿನಲ್ಲಿ ಮಾರುತಿ 800 ಆರಾಮಾಗಿ ಕೂರುತ್ತೆ, ಎರಡೂ ಪಕ್ಕ ಎರಡೂವರೆ ಅಡಿಗಿಂತ ಜಾಸ್ತಿ ಉಳಿಯುತ್ತೆ. ಅಂಬಾಸಿಡರ್ ಹಿಡಿಸುತ್ತೆ, ಆದರೆ ಮುಂದೆ ಹಿಂದೆ ಸೇರಿ ಉಳಿಯೋದು ನಾಲ್ಕಡಿಯಷ್ಟೇ. ಅದರ ಎಂಜಿನ್ ಇಳಿಸೋ ಕೆಲಸಕ್ಕೆ ಸಾಲಲ್ಲ. ಬೈಕಾದರೆ ಒಂದಕ್ಕೆ 6 ಅಡಿ ಅಗಲ, 8 ಅಡಿ ಉದ್ದ ಬಿಡಿ.

ಈಗ ಜಾಕು. ಟ್ರಾಲಿ ಜಾಕಿನ ತೋಳು ನೇರ ಮೇಲಕ್ಕೆ ಹೋಗಲ್ಲ, ಕಮಾನಿನ ಹಾಗೆ ಬಾಗಿ ಏರುತ್ತೆ. ಹಾಗಾಗಿ ಗಾಡಿ ಏರಿದ ಹಾಗೆ ಜಾಕಿನ ಚಕ್ರ ತಾನಾಗಿ ಒಂದೆರಡು ಇಂಚು ಉರುಳಬೇಕು. ಕಡಪ ಕಲ್ಲಿನ ಸಂದಿಗೋ ಒಡೆದ ಟೈಲ್ಸಿಗೋ ಚಕ್ರ ಸಿಕ್ಕಿಹಾಕಿಕೊಂಡರೆ ಜಾಕಿನ ಬಟ್ಟಲೇ ಗಾಡಿಯಡಿಯಿಂದ ಜಾರುತ್ತೆ. ಜಾಕಿಗೆ ಅಂತಲೇ ನಯವಾದ ಕಾಂಕ್ರೀಟಿನ ಜಾಗ ಬೇಕು. ಸ್ಟ್ಯಾಂಡುಗಳ ಕೆಳಗೆ ಒಂದಡಿ ಚೌಕದ 18 ಎಂಎಂ ಪ್ಲೈವುಡ್ ಇಡಿಸಿ. ಜಾಕು ಎತ್ತೋಕೆ, ಸ್ಟ್ಯಾಂಡು ಹಿಡಿದು ನಿಲ್ಲೋಕೆ. ಒಳಗಿನ ಸೀಲು ಸವೆದ ಹೈಡ್ರಾಲಿಕ್ ಜಾಕು ಸದ್ದಿಲ್ಲದೆ ಇಳಿಯುತ್ತೆ. ಸಿಮೆಂಟ್ ಬ್ಲಾಕು ಅದಕ್ಕಿಂತ ಅಪಾಯ, ಬಾಗದೆ, ಬಿರುಕಿನ ಸೂಚನೆ ಕೊಡದೆ ಒಮ್ಮೆಲೇ ಪುಡಿಯಾಗುತ್ತೆ. 3 ಟನ್ನಿನ ನಾಲ್ಕು ಸ್ಟ್ಯಾಂಡು ಮಾಲೀಕರೇ ತಂದಿಡಿ. ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆಯಲ್ಲಿ ಸಿಗುತ್ತೆ. ಬೆಸುಗೆ ಒರಟಾಗಿರೋದು, ಪಿನ್ನು ಸಡಿಲ ಇರೋದು ಬೇಡ.

ಇನ್ನೊಂದು, ತುಂಬ ಜನ ಮರೆಯೋದು. ಪೋರ್ಟಿಕೋ ನೆಲ ನೀರು ಹರಿಯಲಿ ಅಂತ ಗೇಟಿನ ಕಡೆ ಇಳಿಜಾರು ಇರುತ್ತೆ. ಕಾರಿನ ಹ್ಯಾಂಡ್ ಬ್ರೇಕು ಕೆಲಸ ಮಾಡೋದು ಹಿಂದಿನ ಚಕ್ರಗಳ ಮೇಲೆ. ಹಿಂಭಾಗ ಎತ್ತಿದ ಕ್ಷಣ ಆ ಬ್ರೇಕು ಇದ್ದೂ ಇಲ್ಲದಂತೆ. ಪದ್ಮಿನಿ, ಅಂಬಾಸಿಡರ್ ಥರ ಹಿಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗೋ ಗಾಡಿಯಲ್ಲಿ ಗೇರು ಹಾಕಿಟ್ಟರೂ ಪ್ರಯೋಜನ ಇಲ್ಲ. ಅಲ್ಲಿ ಗಾಡಿಯನ್ನು ಹಿಡಿದಿರೋದು ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟ ಮರದ ತುಂಡು ಮಾತ್ರ. ಅಂಥ ತುಂಡು ನಾಲ್ಕಿರಲಿ, ನೆಲದ ಮೇಲಿರೋ ಎರಡೂ ಚಕ್ರಕ್ಕೆ ಹಿಂದೆ ಮುಂದೆ. ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆ ಪಕ್ಕದಿಂದ ಎರಡೂ ಕೈಯಲ್ಲಿ ಜೋರಾಗಿ ಅಲುಗಾಡಿಸಿ ನೋಡಲಿ. ಅಲುಗಿದರೆ ಅಡಿಗೆ ಹೋಗೋ ಮೊದಲೇ ಗೊತ್ತಾಗಲಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿಡಲಿ. ಎಲ್ಲ ಕೈಕೊಟ್ಟರೂ ಆ ಚಕ್ರದಷ್ಟು ಎತ್ತರ ಜೀವಕ್ಕೆ ಉಳಿಯುತ್ತೆ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರ್ಬೊರೇಟರ್ ಬಿಚ್ಚಿ ಸುರಿದ ಪೆಟ್ರೋಲಿನ ಆವಿ ಮೇಲೇರದೆ ನೆಲದ ಮೇಲೆ ತೆವಳಿ, ಇಳಿಜಾರು ಹಿಡಿದು, ತಗ್ಗಿರೋ ಕಡೆ ಹೋಗಿ ಕೂರುತ್ತೆ. ನಮ್ಮ ಮನೆಗಳಲ್ಲಿ ಆ ತಗ್ಗಿನಲ್ಲೇ ನೀರೆತ್ತೋ ಮೋಟಾರು, ಅದರ ಪಕ್ಕದಲ್ಲೇ ಸ್ಟಾರ್ಟರು. ಓವರ್‌ಹೆಡ್ ಟ್ಯಾಂಕಿಗೆ ಆಟೊಮ್ಯಾಟಿಕ್ ಲೆವೆಲ್ ಕಂಟ್ರೋಲರ್ ಹಾಕಿಸಿದ್ದರೆ ಯಾರೂ ಸ್ವಿಚ್ ಮುಟ್ಟದೆ ತಾನೇ ಕಿಡಿ ಹೊಡೆದು ಮೋಟಾರ್ ಶುರುವಾಗುತ್ತೆ. ಪೆಟ್ರೋಲ್ ಕೆಲಸ ಶುರು ಮಾಡೋ ಮೊದಲು ಮೋಟಾರಿನ ಎಂಸಿಬಿ ಇಳಿಸಿ. ಇನ್ವರ್ಟರು, ಹಳೇ ಫ್ರಿಜ್ಜು ಶೆಡ್ಡಿನಲ್ಲಿದ್ದರೆ ಮೊದಲು ಅವನ್ನು ಆಚೆ ಸಾಗಿಸಿ. ಶಟರ್ ತೆರೆದೇ ಇರಲಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡೋದಂತೂ ಜೀವದ ಜೊತೆ ಆಟ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. 6 ಕೆಜಿ ಎಬಿಸಿ ಪೌಡರಿನ ಅಗ್ನಿಶಾಮಕ ಸಿಲಿಂಡರನ್ನು ಗೇಟಿನ ಹತ್ತಿರ ನೇತುಹಾಕಿ. ಒಳಗಿನ ಗೋಡೆಗೆ ಹಾಕಿದರೆ ಅದನ್ನು ತರೋಕೆ ಬೆಂಕಿ ದಾಟಿ ಹೋಗಬೇಕಾಗುತ್ತೆ. ವೆಲ್ಡಿಂಗು, ಸ್ಪ್ರೇ ಪೇಂಟಿಂಗು ಎರಡಕ್ಕೂ ಅವಕಾಶ ಬೇಡ. ಎಷ್ಟೇ ಅಂಗಲಾಚಿದರೂ ಬೇಡ.

ವೈರಿಂಗ್ ವಿಷಯ ಚಿಕ್ಕದು, ಖರ್ಚು ಮಾತ್ರ ಉಳಿಸಬೇಡಿ. ಪೋರ್ಟಿಕೋ ಬಲ್ಬಿಗೆ ಎಳೆದ ತೆಳು ವೈರಿಗೆ 2 ಎಚ್‌ಪಿ ಕಂಪ್ರೆಸರ್ ಹಾಕಿದರೆ ಓಡುವಾಗ ಸುಮಾರು ಹತ್ತು ಆಂಪಿಯರ್ ಎಳೆಯುತ್ತೆ, ಸ್ಟಾರ್ಟ್ ಆಗೋ ಕ್ಷಣ ಅದರ ಹಲವು ಪಟ್ಟು. ಬೋರ್ಡಿನಿಂದ ಪ್ರತ್ಯೇಕವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರು, 20 ಆಂಪಿಯರಿನ ಸಿ ಟೈಪ್ ಎಂಸಿಬಿ, ಕರೆಂಟು ಸೋರಿದರೆ ತಾನೇ ಕಡಿಯೋ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಗಾಡಿ ಅಡಿಗೆ ಒಯ್ಯೋ ಲೈಟು ಬ್ಯಾಟರಿಯದ್ದೇ ಆಗಿರಲಿ. ಇನ್ನು ಮೀಟರು: ಮನೆ ಮೀಟರಿನ ಕರೆಂಟನ್ನು ವ್ಯಾಪಾರಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದುಪ್ಪಟ್ಟು ದರದಲ್ಲಿ ವಸೂಲಿ ಮಾಡೋ ಅಧಿಕಾರ ವಿದ್ಯುತ್ ಕಂಪನಿಯವರಿಗಿದೆ. ಗೃಹಜ್ಯೋತಿ ಇರೋದೂ ಮನೆಬಳಕೆಗೆ ಮಾತ್ರ. ಶೆಡ್ಡಿಗೆ ಬೇರೆ ಮೀಟರು ತೆಗೆದುಕೊಳ್ಳೋದೇ ಕ್ಷೇಮ.

ಹಳೇ ಆಯಿಲ್ ಬಗ್ಗೆ ನನಗೆ ನಿಜಕ್ಕೂ ಸಂಕಟ ಇದೆ. ಮಾರುತಿ 800ರಿಂದ ಒಂದು ಸಲಕ್ಕೆ ಸುಮಾರು 3 ಲೀಟರ್ ಇಳಿಯುತ್ತೆ. ಅದನ್ನು ಮೋರಿಗೆ ಸುರಿಯೋರು ಒಂದು ಕಡೆ, ಕಟ್ಟಡದ ಸೆಂಟ್ರಿಂಗ್ ಹಲಗೆಗೆ ಬಳಿಯೋಕೆ ಕೊಡೋರು ಇನ್ನೊಂದು ಕಡೆ. ಸೆಂಟ್ರಿಂಗಿಗೆ ಹೋದದ್ದು ಮೊದಲ ಮಳೆಗೆ ಮಣ್ಣಿಗೇ ಇಳಿಯುತ್ತೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ, ಅದು ಹೋಗಬೇಕಾದ್ದು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರೋ ಮರುಬಳಕೆ ಘಟಕಕ್ಕೆ. ಎರಡು ಕ್ಯಾನು ಇಡಿ: ಒಂದಕ್ಕೆ ಎಂಜಿನ್, ಗೇರ್ ಆಯಿಲ್ ಮಾತ್ರ, ಇನ್ನೊಂದಕ್ಕೆ ಎಂಜಿನ್ ತಣ್ಣಗಿಡೋ ಕೂಲಂಟು. ಪೆಟ್ರೋಲು, ಬ್ರೇಕ್ ಆಯಿಲ್, ಕೂಲಂಟು ಬೆರೆತ ಆಯಿಲನ್ನು ಮರುಬಳಕೆಯವರು ಮುಟ್ಟಲ್ಲ. ನೆಲಕ್ಕೆ ಚೆಲ್ಲಿದರೆ ನೀರು ಹಾಕಬೇಡಿ, ಮರದ ಹೊಟ್ಟು ಹರಡಿ, ಹೀರಿದ ಮೇಲೆ ಗುಡಿಸಿ. ಕೂಲಂಟಿನ ಬಗ್ಗೆ ಇನ್ನೂ ಹುಷಾರು. ಅದರಲ್ಲಿರೋ ಎಥಿಲಿನ್ ಗ್ಲೈಕಾಲ್ ರುಚಿಗೆ ಸಿಹಿ. ಬೀದಿ ನಾಯಿ, ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ನರಳಿ ಸಾಯ್ತವೆ. ಟ್ರೇ ಹಾಗೇ ಬಿಟ್ಟು ಊಟಕ್ಕೆ ಹೋಗೋ ಹಾಗಿಲ್ಲ. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳನ್ನು ಕಂಪ್ರೆಸರಿನಿಂದ ಊದದೆ ಒದ್ದೆ ಬಟ್ಟೆಯಲ್ಲೇ ಒರೆಸಲಿ.

ಗಾಡಿ ಒಳಗೆ ಬರೋ ದಿನ ಕಾಗದ ನೋಡೋಕೆ ಸಂಕೋಚ ಬೇಡ. ಆರ್‌ಎಕ್ಸ್ 100 ತಯಾರಿಕೆ ನಿಂತದ್ದು 1996ರಲ್ಲಿ. ಇವತ್ತು ಅದರ ಬೆಲೆ ಎಷ್ಟಿದೆಯೋ ಕಳ್ಳರ ಕಣ್ಣೂ ಅಷ್ಟೇ ಇದೆ, ಎಂಜಿನ್ ಬದಲಾಯಿಸಿದ ಗಾಡಿಗಳೂ ಓಡಾಡ್ತಿವೆ. ಹ್ಯಾಂಡಲ್ ಕೆಳಗಿನ ಸ್ಟೀರಿಂಗ್ ಹೆಡ್ ಒರೆಸಿ, ಅಲ್ಲಿರೋ ಚಾಸಿ (ಗಾಡಿಯ ಚೌಕಟ್ಟು) ನಂಬರಿನ ಮೇಲೆ ತೆಳು ಪೇಪರಿಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಆರ್‌ಟಿಓದವರು ಮಾಡೋದೂ ಹೀಗೇ. ಅಂಕಿಗಳ ಸಾಲು ನೇರ, ಆಳ ಒಂದೇ ಸಮ ಇರಬೇಕು. ಸುತ್ತಲಿನ ಲೋಹ ಉಜ್ಜಿ ತಗ್ಗಾಗಿರಬಾರದು. ಎಂಜಿನ್ ನಂಬರಿಗೂ ಹೀಗೇ ಮಾಡಿ, ಎರಡನ್ನೂ ಆರ್‌ಸಿ ಜೊತೆ ಹೋಲಿಸಿ, ಆ ಪೇಪರನ್ನು ಕರಾರಿನ ಜೊತೆ ಪಿನ್ನು ಮಾಡಿಡಿ. ಗೊತ್ತಿದ್ದೂ ಕದ್ದ ಮಾಲು ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಇದೆ. ನನಗೆ ಗೊತ್ತಿರಲಿಲ್ಲ ಅಂತ ತೋರಿಸೋಕೆ ಈ ಕಾಗದವೇ ಆಧಾರ. ಗಾಡಿ ಬಾಡಿಗೆದಾರರ ಹೆಸರಲ್ಲೋ ಮನೆಯವರ ಹೆಸರಲ್ಲೋ ಇರಬೇಕು. ಬೇರೆಯವರ ಗಾಡಿ ತಂದು ಕೂಲಿಗೆ ರಿಪೇರಿ ಶುರು ಮಾಡಿದರೆ ನಿಮ್ಮ ಪೋರ್ಟಿಕೋ ವರ್ಕ್‌ಶಾಪಾಯಿತು, ಟ್ರೇಡ್ ಲೈಸೆನ್ಸಿನ ಪ್ರಶ್ನೆ ಬರುತ್ತೆ. ಕರಾರನ್ನು ಬಾಡಿಗೆ ಕರಾರು ಅಂತ ಬರೆಸದೆ ಜಾಗ ಬಳಸೋ ಪರವಾನಗಿ ಅಂತ ಬರೆಸಿ, ಬೀಗದ ಕೈ ನಿಮ್ಮಲ್ಲೇ ಇರಲಿ.

ದರ ತಿಂಗಳಿಗೆ ಬೇಡ, ಕೆಲಸಕ್ಕೆ ನಿಗದಿ ಮಾಡಿ. ಹವ್ಯಾಸಿಗಳ ಕೆಲಸ ಸಾಮಾನ್ಯವಾಗಿ ನಿಲ್ಲೋದು ಸಣ್ಣ ಜಾಗದಲ್ಲಿ. ಆರ್‌ಎಕ್ಸ್ 100ರ ಎಂಜಿನ್ ಕವರಿನ ಸ್ಕ್ರೂ ತಲೆ ಸಾಮಾನ್ಯ ಸ್ಕ್ರೂಡ್ರೈವರಿಗೆ ಸವೆದು ಹೋಗುತ್ತೆ, ಅಲ್ಲಿಗೆ ಒಂದು ವಾರ ಹೋಯಿತು. ಸುತ್ತಿಗೆಯಲ್ಲಿ ಹೊಡೆದು ತಿರುಗಿಸೋ ಇಂಪ್ಯಾಕ್ಟ್ ಡ್ರೈವರಿದ್ದರೆ ಎರಡು ನಿಮಿಷದ ಕೆಲಸ. ಅದು, ಎಂಜಿನ್ನಿನ ಮ್ಯಾಗ್ನೆಟ್ ಕಳಚೋ ಪುಲ್ಲರು, ಮುರಿದ ಬೋಲ್ಟ್ ತೆಗೆಯೋ ಎಕ್ಸ್‌ಟ್ರ್ಯಾಕ್ಟರು, ಇವಿಷ್ಟನ್ನು ಡೆಪಾಸಿಟ್ ಇಟ್ಟುಕೊಂಡು ನೀವೇ ಕೊಡಿ. ನಿಮ್ಮ ಜಾಗ ಬೇಗ ಖಾಲಿಯಾಗುತ್ತೆ. ಸವೆದ ಸಿಲಿಂಡರಿನ ಒಳಗೋಡೆ ಕೊರೆಸೋ ಬೋರಿಂಗಿಗೆ ಲೇತಿಗೆ ಹೋದರೆ, ಅದಕ್ಕೆ ಹೊಂದೋ ದೊಡ್ಡ ಅಳತೆಯ (ಓವರ್‌ಸೈಜ್) ಪಿಸ್ಟನ್ ಸಿಗೋವರೆಗೆ ಎಷ್ಟು ದಿನವೋ ಹೇಳೋಕಾಗಲ್ಲ. ಅದಕ್ಕೇ ಚಾಸಿಗೆ ಎರಡೂ ಚಕ್ರ ಯಾವಾಗಲೂ ಇರಲೇಬೇಕು ಅನ್ನೋ ಷರತ್ತು ಹಾಕಿ. ಎಂಜಿನ್ ಭಾಗಗಳು ಹೆಸರು ಬರೆದ ಎರಡು ಕ್ರೇಟಿನಲ್ಲಿ, ಚಾಸಿ ತಳ್ಳಿಕೊಂಡು ಆಚೆ. ನನ್ನ ಲೆಕ್ಕದಲ್ಲಿ ಕಾರಿನ ಬ್ರೇಕ್ ಕೆಲಸಕ್ಕೆ 2 ದಿನ, ಕ್ಲಚ್ಚಿಗೆ 4 ದಿನ, ಬೈಕಿನ ಪೂರ್ತಿ ಎಂಜಿನ್ನಿಗೆ 15 ದಿನ ಸಾಕು. ಆಮೇಲಿನ ಪ್ರತಿ ದಿನಕ್ಕೂ ದುಪ್ಪಟ್ಟು. ಇದು ಲಾಭಕ್ಕಲ್ಲ, ಬಿಚ್ಚಿಟ್ಟ ಗಾಡಿ ಮೂರು ತಿಂಗಳು ಕೂತರೆ ಬಾಡಿಗೆದಾರರ ಉತ್ಸಾಹವೂ ಸತ್ತಿರುತ್ತೆ, ಗಾಡಿಯನ್ನು ನೀವು ಮಾರೋ ಹಾಗೂ ಇಲ್ಲ. ಕೆಲಸದ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 7. ಟೂ ಸ್ಟ್ರೋಕ್ ಎಂಜಿನ್ ಟೆಸ್ಟು ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ದಿನಕ್ಕೆ ಹತ್ತು ನಿಮಿಷ.

ಗಾಡಿ ಹೊರಟ ದಿನ ಡೆಪಾಸಿಟ್ ವಾಪಸ್ ಕೊಡೋ ಮೊದಲು ಸಂಪಿನ ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಿ. ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೀರಿನ ಮೇಲ್ಮೈ ನೋಡಿ. ಕಾಮನಬಿಲ್ಲಿನ ಬಣ್ಣದ ತೆಳು ಪೊರೆ ಎಲ್ಲಾದರೂ ಕಂಡರೆ ಮೋಟಾರ್ ಹಾಕಬೇಡಿ, ಮೇಲಿನ ಟ್ಯಾಂಕಿಗೆ ಅದು ಹೋಗಬಾರದು. ಸಂಪು ಖಾಲಿ ಮಾಡಿಸಿ ತೊಳೆಸೋ ಖರ್ಚನ್ನು ಆ ಡೆಪಾಸಿಟ್ಟಿನಿಂದಲೇ ಹಿಡಿಯಿರಿ.