ಮುಟ್ಟಿದರೆ ಮುಚ್ಚುವ ಮುನಿ

ಆಟಿ ತಿಂಗಳಲ್ಲಿ ನಮ್ಮ ಉಡುಪಿಯ ಮನೆಯ ಬಾಗಿಲು ಮುಚ್ಚುವುದಿಲ್ಲ. ಹಲಸಿನ ಮರದ ಹಳೆಯ ಬಾಗಿಲು. ಮಳೆಯ ತೇವ ಕುಡಿದು ಉಬ್ಬುತ್ತದೆ, ದಾರಂದಕ್ಕೆ ಕೂರುವುದಿಲ್ಲ. ಹೆಗಲು ಕೊಟ್ಟು ದೂಡಿದರೆ ಮುಕ್ಕಾಲು ಮುಚ್ಚಿ ನಿಲ್ಲುತ್ತದೆ. ಉಳಿದ ಕಾಲು ಪಾಲಿನಲ್ಲಿ ಗಾಳಿ, ನುಸಿ, ಪಕ್ಕದ ಮನೆಯ ಬೆಕ್ಕು ಸರದಿಯಲ್ಲಿ ಒಳಗೆ ಬರುತ್ತವೆ. ಹೀಗೆ ಮುಚ್ಚಬೇಕಾದದ್ದು ಮುಚ್ಚದ ಕಾಲದಲ್ಲೇ ನನ್ನ ಕಂಪ್ಯೂಟರಿನಲ್ಲಿ ಮುಚ್ಚಬಾರದ್ದೆಲ್ಲ ಮುಟ್ಟಿದರೆ ಮುಚ್ಚಿಕೊಳ್ಳತೊಡಗಿತು. ಗುಡ್ಡೆಯಲ್ಲಿ ಮುಟ್ಟಿದರೆ ಮುನಿ ಗಿಡ ಇರುತ್ತದಲ್ಲ, ಹಾಗೆ. ಆ ಗಿಡವಾದರೂ ಸ್ವಲ್ಪ ಹೊತ್ತಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನನ್ನ ಕೆಲಸ ಸ್ಮರಣ ಸಂಚಿಕೆ ಮಾಡುವುದು. ನಮ್ಮ ಜಿಲ್ಲೆಯಲ್ಲಿ ಬ್ರಹ್ಮಕಲಶೋತ್ಸವ, ಸಂಘದ ಬೆಳ್ಳಿಹಬ್ಬ, ಶಾಲೆಯ ಶತಮಾನೋತ್ಸವ ಇರುವವರೆಗೆ ನನಗೆ ಅನ್ನಕ್ಕೆ ತೊಂದರೆ ಇಲ್ಲ. ಲೇಖನ ವಾಟ್ಸ್ಆ್ಯಪಿನಲ್ಲಿ ಬರುತ್ತದೆ. ಹೂವು, ಕೈಮುಗಿದ ಕೈ, ಬಣ್ಣದ ಅಕ್ಷರ ಎಲ್ಲ ಮೆತ್ತಿಕೊಂಡು. ಅದನ್ನು ನೇರ ಪುಟಕ್ಕೆ ಹಾಕಿದರೆ ಪುಟ ಕೆಡುತ್ತದೆ. ಅದಕ್ಕೆ ಮೊದಲು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಅಂಟಿಸಿ, ಅಲಂಕಾರ ಕಳಚಿ, ಬರೀ ಅಕ್ಷರ ಉಳಿಸಿಕೊಳ್ಳುತ್ತೇನೆ. ಡಾನ್ ಹೋ ಎಂಬಾತ 2003ರಲ್ಲಿ ಬಿಡುಗಡೆ ಮಾಡಿ, ಇವತ್ತಿಗೂ ದುಡ್ಡು ಕೇಳದೆ ಕೊಡುತ್ತಿರುವ ಎಡಿಟರ್, ಅಂದರೆ ಬರೀ ಅಕ್ಷರ ಬರೆದು ತಿದ್ದುವ ತಂತ್ರಾಂಶ ಅದು. ಒಂದು ಲೇಖನಕ್ಕೆ ಒಂದು ಟ್ಯಾಬ್. ಹೆಸರಿಡುವ ವ್ಯವಧಾನ ಇಲ್ಲದ್ದರಿಂದ ಅದೇ ಇಟ್ಟುಕೊಳ್ಳುತ್ತದೆ: ನ್ಯೂ 1, ನ್ಯೂ 2, ನ್ಯೂ 3. ಸೇವ್ ಮಾಡದ್ದಕ್ಕೆ ಕೆಂಪು ಗುರುತು, ಮಾಡಿದ್ದಕ್ಕೆ ನೀಲಿ. ನನ್ನ ಪರದೆಯ ನೆತ್ತಿಯಲ್ಲಿ ಯಾವಾಗ ನೋಡಿದರೂ ರಥಬೀದಿಯ ಕುಂಕುಮದ ಅಂಗಡಿ.

ಅಕ್ಕನ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಆದಿತ್ಯವಾರ ನೀರುದೋಸೆಯ ನೆನಪಾದರೆ ಬಸ್ಸು ಹತ್ತಿ ಇಳಿದುಬಿಡುತ್ತಾನೆ. ಹಾಗೆ ಬಂದವನು ಒಂದು ದಿನ ನನ್ನ ಬೆನ್ನ ಹಿಂದೆ ನಿಂತು ಎಣಿಸಿದ. ಅರವತ್ತಮೂರು ಟ್ಯಾಬ್.

“ಮಾವಾ, ಇದು ಎಡಿಟರಾ, ಸರ್ವಿಸ್ ಬಸ್ ಸ್ಟ್ಯಾಂಡಾ?”

“ಎಲ್ಲ ಬೇಕಾದದ್ದೇ ಮಾರಾಯ.”

“ನ್ಯೂ 12ರಲ್ಲಿ ‘ಗ್ಯಾಸ್’ ಅಂತ ಒಂದೇ ಶಬ್ದ ಉಂಟು.”

ಅದು ಸಿಲಿಂಡರ್ ಬುಕ್ ಮಾಡಲು ನೆನಪಿಗೆಂದು ಬರೆದದ್ದು. ಸಿಲಿಂಡರ್ ಬಂದು, ಖಾಲಿಯಾಗಿ, ಮತ್ತೊಂದು ಬಂದು ಅದೂ ಮುಗಿಯುವ ಹೊತ್ತಾಗಿತ್ತು.

ಅಂದಿನಿಂದ ನನಗೆ ಟ್ಯಾಬ್ ಮುಚ್ಚುವ ವಿದ್ಯೆಯ ಪಾಠ ಶುರುವಾಯಿತು. ನನಗೆ ಗೊತ್ತಿದ್ದದ್ದು ಒಂದೇ, ಮೂಲೆಯ ಇಂಟು ಗುರುತು. ಅದು ಸಾಸಿವೆಯಷ್ಟು ಸಣ್ಣದು. ಅರವತ್ತಮೂರು ಟ್ಯಾಬಿನ ನಡುವೆ ಒಂದು ಸಾಸಿವೆಗೆ ಗುರಿಯಿಟ್ಟರೆ ಪಕ್ಕದ ಸಾಸಿವೆ ಸಿಡಿಯುತ್ತದೆ.

“ಕಂಟ್ರೋಲ್ ಡಬ್ಲ್ಯೂ ಒತ್ತಿ ಮಾವ” ಎಂದ. ಅದರ ಕಷ್ಟ ಕನ್ನಡ ಟೈಪ್ ಮಾಡುವವರಿಗೇ ಗೊತ್ತು. ನಾನು ಒತ್ತುವುದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆ, ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್ ಅವರ ವಿನ್ಯಾಸ. ಅದರಲ್ಲಿ ಎಸ್ ಅಂದರೆ ‘ಸ’, ಡಬ್ಲ್ಯೂ ಅಂದರೆ ‘ಡ’. ‘ಸ’ದ ನೆತ್ತಿಯ ಮೇಲೆ, ತುಸು ಎಡಕ್ಕೆ, ‘ಡ’ ಕೂತಿದೆ. ಕಂಟ್ರೋಲ್ ಹಿಡಿದು ‘ಸ’ ಒತ್ತಿದರೆ ಸೇವ್. ಬೆರಳು ಒಂದು ಕೂದಲು ಮೇಲೆ ಹೋಗಿ ‘ಡ’ ಬಿದ್ದರೆ ಡಮಾರ್. ಉಳಿಸಲು ಹೊರಟವನು ಮುಚ್ಚಿ ಬರುತ್ತಾನೆ.

ಆಮೇಲೆ ಮೌಸಿನ ಚಕ್ರದ ವಿಷಯ ಹೇಳಿದ. ಆ ಚಕ್ರವನ್ನು ತಿರುಗಿಸಲಿಕ್ಕೆ ಮಾತ್ರವಲ್ಲ, ಒತ್ತಲಿಕ್ಕೂ ಆಗುತ್ತದೆ ಎಂಬುದು ನನಗೆ ಇಪ್ಪತ್ತು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಟ್ಯಾಬಿನ ಮೇಲೆ ಎಲ್ಲೇ ಇಟ್ಟು ಚಕ್ರ ಒತ್ತಿದರೂ ಟ್ಯಾಬ್ ಮಾಯ. ಸಾಸಿವೆ ಹುಡುಕುವ ಕೆಲಸವಿಲ್ಲ. ಒಳ್ಳೆಯ ಉಪಾಯವೇ. ಆದರೆ ನನ್ನ ಮೌಸಿನ ಚಕ್ರದ ಸಂದಿಯಲ್ಲಿ ಗೋಳಿಬಜೆಯ ಎಣ್ಣೆ, ಅದರ ಮೇಲೆ ಧೂಳು, ಅದರ ಮೇಲೆ ಕಳೆದ ವರ್ಷದ ಮಳೆಗಾಲ. ಒತ್ತಿದರೆ ‘ಕಿರ್’ ಎನ್ನುತ್ತದೆ, ಒಳಗೆ ಹೋಗುವುದಿಲ್ಲ.

ಬಲಗುಂಡಿ ಒತ್ತಿದರೆ ಬರುವ ಪಟ್ಟಿಯನ್ನೂ ತೋರಿಸಿದ: ಇದೊಂದನ್ನು ಬಿಟ್ಟು ಎಲ್ಲ ಮುಚ್ಚು, ಎಡಗಡೆಯದ್ದೆಲ್ಲ ಮುಚ್ಚು, ಬಲಗಡೆಯದ್ದೆಲ್ಲ ಮುಚ್ಚು. ಆಸ್ತಿ ಪಾಲಿನ ಕಾಗದ ಓದಿದ ಹಾಗಾಯಿತು. ಅವನ ಹಾಸ್ಟೆಲಿನ ಗೆಳೆಯನೊಬ್ಬ ವಿಮ್ ಎಂಬ ಎಡಿಟರ್ ಬಳಸುತ್ತಾನಂತೆ. ಅದರಲ್ಲಿ ಕೋಲನ್ ಹಾಕಿ ಕ್ಯೂ ಬರೆದರೆ ಮುಚ್ಚುತ್ತದೆ. ಸೇವ್ ಮಾಡದಿದ್ದರೆ ಜಗಳಕ್ಕೆ ಬರುತ್ತದೆ. ಆಗ ಕ್ಯೂ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಬೇಕಂತೆ. ವ್ಯಾಕರಣದಲ್ಲಿ ಆಶ್ಚರ್ಯ, ಅಲ್ಲಿ ‘ಹೋದರೆ ಹೋಗಲಿ’ ಎಂಬ ವೈರಾಗ್ಯ. ಈ ಚಿಹ್ನೆಯ ಬಗ್ಗೆ ನನಗೆ ಈಗಲೂ ಗೌರವ ಉಂಟು.

ಮುಚ್ಚುವುದು ಇಷ್ಟು ಸಲೀಸಾಗಬಾರದು ಎಂದು ನನಗೆ ಆಗಲೇ ಅನ್ನಿಸಿದ್ದು ಅಜ್ಜನ ಅಂಗಡಿಯಿಂದಾಗಿ. ತೆಂಕಪೇಟೆಯಲ್ಲಿ ಅವರದ್ದು ಜಿನಸಿನ ಅಂಗಡಿ. ಶಟರ್ ಇಲ್ಲ, ಉದ್ದುದ್ದ ಹಲಗೆಗಳು. ಮೇಲೆ ಕೆಳಗೆ ತೋಡಿದ ಸಂದಿಯಲ್ಲಿ ಒಂದೊಂದಾಗಿ ತೂರಿಸಿ ಸರಿಸುತ್ತ ಹೋಗಬೇಕು. ಪ್ರತಿ ಹಲಗೆಯ ತಲೆಯಲ್ಲಿ ಬಿಳಿ ಬಣ್ಣದ ಕನ್ನಡ ಅಂಕಿ, ೧ರಿಂದ ೯ರವರೆಗೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕತ್ತಲೆಯಾದ ಮೇಲೆ ಚಿಮಿಣಿ ಬೆಳಕಿನಲ್ಲಿ ೬ ಯಾವುದು, ೯ ಯಾವುದು ಎಂದು ತಿಳಿಯದೆ ಅಜ್ಜ ಬೆರಳಿನಲ್ಲಿ ಬಾಲ ತಡವಿ ನೋಡುತ್ತಿದ್ದರು. ಬಾಲ ಆಚೆಯೋ ಈಚೆಯೋ ಎಂದು ನಿರ್ಧಾರವಾಗುವ ಹೊತ್ತಿಗೆ ಯಾರಾದರೂ ಓಡಿ ಬಂದು “ರಾಯರೇ, ಒಂದು ಪಾವು ಸಕ್ಕರೆ” ಎನ್ನುತ್ತಿದ್ದರು. ಏಳು ಹಲಗೆ ಹಾಕಿಯಾಗಿದ್ದರೂ ಉಳಿದ ಎರಡರ ಸಂದಿಯಲ್ಲಿ ಸಕ್ಕರೆ ಹೊರಗೆ ಬರುತ್ತಿತ್ತು. ಕೈತಪ್ಪಿ ಅಂಗಡಿ ಮುಚ್ಚಿಹೋಯಿತು ಎಂದು ಅಜ್ಜ ಹೇಳಿದ್ದನ್ನು ನಾನು ಕೇಳಿಲ್ಲ.

ಅಳಿಯನಿಗೆ ಈ ಹಲಗೆಯ ಕಥೆ ಹೇಳಿದೆ. ಅವನು ದೋಸೆ ತಿನ್ನುತ್ತ “ಹೌದಾ” ಎಂದ. ತಿಂದಾದ ಮೇಲೆ ಕೈ ಒರೆಸಿಕೊಂಡು ಪ್ರಿಫರೆನ್ಸಸ್ ಒಳಗೆ ಹೋಗಿ, ಟ್ಯಾಬ್ ಬಾರ್ ಎಂಬ ಭಾಗದಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿದ. “ಇನ್ನು ಟ್ಯಾಬ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಮುಚ್ತದೆ ಮಾವ. ನಿಮಗೆ ಇದೇ ಸುಲಭ” ಎಂದು ಐದೂವರೆಯ ಬಸ್ಸಿಗೆ ಹೋದ. ಆ ಟ್ಯಾಬ್ ಬಾರಿನಲ್ಲಿ ಟ್ಯಾಬಿನ ಮೇಲೆ ಎರಡು ಸಲ ಒತ್ತಿದರೆ ಒಂದು ಸಾಯುತ್ತದೆ, ಪಕ್ಕದ ಖಾಲಿ ಜಾಗದಲ್ಲಿ ಎರಡು ಸಲ ಒತ್ತಿದರೆ ಒಂದು ಹುಟ್ಟುತ್ತದೆ. ಬ್ರಹ್ಮ ಮತ್ತು ರುದ್ರ ಇಬ್ಬರಿಗೂ ಒಂದೇ ಕೌಂಟರ್.

ಒಂದು ವಾರ ಬಹಳ ಸುಖವಾಯಿತು. ‘ಗ್ಯಾಸ್’ ಹೋಯಿತು. 2022ರ ಕರೆಂಟ್ ಬಿಲ್ಲಿನ ಲೆಕ್ಕ ಹೋಯಿತು. ಎರಡನೇ ವಾರ ಮಳೆ ಜೋರಾಯಿತು, ಮತ್ತು ನನ್ನ ಟ್ಯಾಬುಗಳು ನಾನು ಸುಮ್ಮನೆ ಇಣುಕಲು ಹೋದರೂ ಮಾಯವಾಗತೊಡಗಿದವು. ನೀಲಿಯವು ಸದ್ದಿಲ್ಲದೆ ಹೋಗುತ್ತಿದ್ದವು. ಕೆಂಪಿನವು “ಸೇವ್ ಮಾಡಬೇಕಾ?” ಎಂದು ಕೇಳಿ ಹೋಗುತ್ತಿದ್ದವು. ದೇವಸ್ಥಾನದ ಇತಿಹಾಸ ತೆರೆಯಲು ಹೋದರೆ ಇತಿಹಾಸ ಇಲ್ಲ. ಅರ್ಚಕರ ವಂಶಾವಳಿ ಮುಟ್ಟಿದೆ, ವಂಶವೇ ಇಲ್ಲ.

“ದೇವಸ್ಥಾನದ ಕೆಲಸ. ಎಲ್ಲಿಯೋ ಮಡಿ ತಪ್ಪಿದೆ. ಒಂದು ಪ್ರಶ್ನೆ ಇಡಿಸುವ” ಎಂದಳು ಅಮ್ಮ. ನಾನು ನಕ್ಕೆ. ಆದರೆ ಮರುದಿನ ಸ್ನಾನ ಮಾಡಿಯೇ ಕಂಪ್ಯೂಟರ್ ಹಾಕಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸ್ನಾನದಿಂದ ಏನೂ ವ್ಯತ್ಯಾಸವಾಗಲಿಲ್ಲ.

ಕಡೆಗೆ ಫೋನಿನಲ್ಲಿ ಅಳಿಯನೇ ರೋಗ ಹೇಳಿದ. ಮೌಸಿನ ಗುಂಡಿಯ ಅಡಿಯಲ್ಲಿ ಒಂದು ಪುಟ್ಟ ತಗಡಿನ ಎಲೆ ಇರುತ್ತದೆ, ಸ್ಪ್ರಿಂಗಿನ ಹಾಗೆ. ಸವೆದೋ ಕಿಲುಬು ಹಿಡಿದೋ ಅದು ಸೋತರೆ ಒಂದು ಸಲ ಒತ್ತಿದಾಗ ನಡುಗಿ ಎರಡು ಸಲ ತಾಗುತ್ತದೆ. ಅರ್ಧ ಸೆಕೆಂಡಿನೊಳಗೆ, ಅಂದರೆ 500 ಮಿಲಿಸೆಕೆಂಡಿನೊಳಗೆ, ಎರಡು ಪೆಟ್ಟು ಬಿದ್ದರೆ ಅದು ಡಬಲ್ ಕ್ಲಿಕ್ ಎಂಬುದು ವಿಂಡೋಸ್ ಬರುವಾಗಲೇ ತರುವ ಲೆಕ್ಕ. ನಾನು ಒಂದು ಸಲ ಮುಟ್ಟುತ್ತಿದ್ದೆ, ನಡುಗುವ ತಗಡು ಎರಡು ಸಲ ಎಂದು ಸಾಕ್ಷಿ ಹೇಳುತ್ತಿತ್ತು, ಅಳಿಯ ಹಾಕಿದ ಟಿಕ್ ತೀರ್ಪು ಕೊಡುತ್ತಿತ್ತು. ಎಡಿಟರಿನದ್ದು ಏನೂ ತಪ್ಪಿಲ್ಲ.

“ಮುಚ್ಚಿದ ಫೈಲ್ ಬೇಕಾದ್ರೆ ಕಂಟ್ರೋಲ್ ಶಿಫ್ಟ್ ಟಿ ಒತ್ತಿ, ವಾಪಸ್ ಬರ್ತದೆ” ಎಂದೂ ಹೇಳಿದ. ಒತ್ತಿದೆ. ಇತಿಹಾಸ ಬಂತು, ವಂಶ ಬಂತು. ಅಷ್ಟಕ್ಕೆ ನೆಮ್ಮದಿಯಾಗಿ, ಟಿಕ್ ತೆಗೆಯುವುದನ್ನೂ ಮೌಸ್ ತರುವುದನ್ನೂ ‘ಮಳೆ ಬಿಡಲಿ’ ಎಂದು ಮುಂದೂಡಿದೆ. ಉಡುಪಿಯಲ್ಲಿ ಜುಲೈಯಲ್ಲಿ ಯಾವುದನ್ನಾದರೂ ‘ಮಳೆ ಬಿಟ್ಟ ಮೇಲೆ’ ಎಂದರೆ ಸೆಪ್ಟೆಂಬರ್ ಎಂದರ್ಥ.

ಚೌತಿಗೆ ಮೂಲ ಮನೆಯಲ್ಲಿ ಹನ್ನೆರಡು ಕಾಯಿ ಗಣಹೋಮ, ಊಟಕ್ಕೆ ನೂರೈವತ್ತು ಜನ. ಸಾಮಾನಿನ ಪಟ್ಟಿಯನ್ನು ಅಡುಗೆಯ ಭಟ್ರು ಒಂದು ಗಂಟೆ ಹೇಳಿದ್ದರು, ನಾನು ನ್ಯೂ 41ರಲ್ಲಿ ಟೈಪ್ ಮಾಡಿಕೊಂಡಿದ್ದೆ. ಸೇವ್ ಮಾಡಿರಲಿಲ್ಲ. ಯಾಕೆ ಮಾಡಬೇಕು? ನಮ್ಮಲ್ಲಿ ಗಾಳಿಗೆ ತೆಂಗಿನ ಮಡಲು ತಂತಿಗೆ ಬಿದ್ದು ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ. ಈ ಎಡಿಟರ್ ಏಳು ಸೆಕೆಂಡಿಗೊಮ್ಮೆ ತಾನೇ ಒಂದು ನಕಲು ತೆಗೆದಿಟ್ಟು, ಕರೆಂಟು ಬಂದಾಗ ಎಲ್ಲವನ್ನೂ ಇದ್ದ ಹಾಗೆ ಎದುರಿಗಿಡುತ್ತದೆ. ಇಡೀ ಮಳೆಗಾಲ ನನ್ನನ್ನು ಕಾಪಾಡಿದ್ದು ಅದೇ. ಆದರೆ ಅದು ಕಾಪಾಡುವುದು ಕರೆಂಟಿನಿಂದ. ನಾನೇ ‘ಬೇಡ’ ಎಂದರೆ ಆ ನಕಲನ್ನೂ ಅಳಿಸಿಬಿಡುತ್ತದೆ, ಬಹಳ ವಿಧೇಯ.

ಆವತ್ತು ಸಂಚಿಕೆ ಪ್ರೆಸ್ಸಿಗೆ ಹೋಗಿತ್ತು. ಕಸ ಗುಡಿಸುವ ಎಂದು ಕೂತೆ. ಕೆಂಪಿನ ಟ್ಯಾಬ್ ಒಂದನ್ನು ಮುಟ್ಟುವುದು, “ಸೇವ್ ಮಾಡಬೇಕಾ?” ಎಂಬ ಪ್ರಶ್ನೆ, ‘ನೋ’. ಮುಟ್ಟು, ಪ್ರಶ್ನೆ, ನೋ. ಹಾಳಾದ ಮೌಸೇ ಈಗ ಉಪಕಾರಿ. ಒಂಬತ್ತು ಟ್ಯಾಬ್ ಹೀಗೆ ಹೋದವು. ಕೈಗೆ ಒಂದು ತಾಳ ಸಿಕ್ಕಿತ್ತು, ಚೆಂಡೆಯವನಿಗೆ ಸಿಗುವ ಹಾಗೆ. ಆಗ ಒಳಗಿಂದ ಹೆಂಡತಿ ಕೂಗಿದಳು, “ಇಲ್ಲಿ ಕೇಳಿ, ಭಟ್ರು ಹೇಳಿದ್ದು ಬೆಲ್ಲ ಎಷ್ಟು?”

ನೋಡಿ ಹೇಳುವ ಎಂದು ನ್ಯೂ 41ನ್ನು ಮುಟ್ಟಿದೆ. ಮುಟ್ಟು, ಪ್ರಶ್ನೆ, ನೋ.

“ಎಷ್ಟೂ?”

ಕಂಟ್ರೋಲ್ ಶಿಫ್ಟ್ ಟಿ ಒತ್ತಿದೆ. ಅದು ಒಮ್ಮೆಯಾದರೂ ಸೇವ್ ಆಗಿ ಹೆಸರು ಪಡೆದ ಫೈಲುಗಳನ್ನು ಮಾತ್ರ ವಾಪಸ್ ತರುತ್ತದೆ. ನಾಮಕರಣವಾಗದ ನ್ಯೂ 41ಕ್ಕೆ ಪುನರ್ಜನ್ಮ ಇಲ್ಲ. ಅದರ ಬದಲು ಎದುರಿಗೆ ಬಂದದ್ದು ಸಮಿತಿಯ ಅಧ್ಯಕ್ಷರ ಸಂದೇಶ. ಎರಡು ತಿಂಗಳು ತಿದ್ದಿ ತಿದ್ದಿ, ಬಹಳ ಸಂತೋಷದಿಂದ ಮುಚ್ಚಿದ್ದೆ ಅದನ್ನು. ಮತ್ತೆ ಒತ್ತಿದೆ, ಕಾರ್ಯದರ್ಶಿಯವರ ಮನದಾಳದ ಮಾತು. ಮತ್ತೊಮ್ಮೆ, ಕೋಶಾಧಿಕಾರಿ. ಬೆಲ್ಲ ಬಿಟ್ಟು ಇಡೀ ಕಾರ್ಯಕಾರಿ ಸಮಿತಿ ಸಾಲಾಗಿ ಬಂದು ನಿಂತಿತು.

ಹೆಂಡತಿ ಬಂದು ಪರದೆ ನೋಡಿ, ನನ್ನ ಮುಖ ನೋಡಿ, ತುಳುವಿನಲ್ಲಿ ಎರಡೇ ಶಬ್ದ ಕೇಳಿದಳು: “ಪೂರ ಪೋಂಡಾ?” ಎಲ್ಲ ಹೋಯಿತಾ ಎಂದು. ಏನು ಹೇಳಲಿ. 1985ರಲ್ಲಿ ವಿಂಡೋಸಿನ ಜೊತೆ ಬಂದ ಹಳೆಯ ನೋಟ್‌ಪ್ಯಾಡಿನಲ್ಲಿ 2023ರವರೆಗೆ ಟ್ಯಾಬೇ ಇರಲಿಲ್ಲ, ಒಂದು ಕಿಟಕಿಗೆ ಒಂದೇ ಕಾಗದ ಎಂದು ಹೇಳಹೊರಟೆ. ಅವಳು ಪೂರ್ತಿ ಕೇಳಲಿಲ್ಲ.

ಭಟ್ರಿಗೆ ಫೋನು ಮಾಡಿದೆ. ಕಾರಣ ಹೇಳುವಾಗ ಮೌಸ್, ತಗಡು, ಟಿಕ್ ಎಂದೆಲ್ಲ ಹೇಳಿದೆ. ಅವರು “ಇಲಿ ತಿಂದಿತಾ?” ಎಂದು ಕೇಳಿದರು. ಹೌದು ಎಂದೆ, ಅದೇ ಸುಲಭವಾಗಿತ್ತು. ಭಟ್ರು ಗಂಟಲು ಸರಿಮಾಡಿಕೊಂಡು ಮಂತ್ರದ ಹಾಗೆ ಶುರುಮಾಡಿದರು: “ಬರ್ಕೊಳ್ಳಿ. ಅಕ್ಕಿ ಇಪ್ಪತ್ತು ಕೆಜಿ. ಹಯಗ್ರೀವಕ್ಕೆ ಕಡ್ಲೆಬೇಳೆ ಐದು, ಬೆಲ್ಲ ಏಳು. ಸೌತೆ ಹತ್ತು ಕೆಜಿ. ಕೊಡಿ ಬಾಳೆಎಲೆ ಇನ್ನೂರು. ಕಡುಬಿಗೆ ಅರಸಿನ ಎಲೆ…” ನಾನು ಕೀಲಿಮಣೆಗೆ ಕೈ ಹಾಕುವುದರೊಳಗೆ ಹೆಂಡತಿ ಗೋಡೆಯ ಕ್ಯಾಲೆಂಡರಿನಿಂದ ಜುಲೈ ಹಾಳೆಯನ್ನು ಸರ್ರನೆ ಹರಿದು, ಅದರ ಬೆನ್ನಿನಲ್ಲಿ ಜೆಲ್ ಪೆನ್ನಿನಿಂದ ಬರೆದುಕೊಂಡಳು.

ಮರುದಿನ ಹೊಸ ಮೌಸ್ ತಂದೆ, ಟಿಕ್ ತೆಗೆದೆ. ಸಂಜೆ ಹಾಳೆ ನೋಡಿ ಟೈಪ್ ಮಾಡಿ ಸೇವ್ ಮಾಡುವ ಎಂದರೆ ಮೇಜಿನ ಮೇಲೆ ಹಾಳೆ ಇಲ್ಲ.

“ಆ ಹಳೆ ಕ್ಯಾಲೆಂಡರಿನ ಹಾಳೆಯಾ?” ಎಂದಳು ಅಮ್ಮ. “ಬಾಗಿಲು ಮುಚ್ಚುವುದಿಲ್ಲ ಅಲ್ಲವಾ, ರಾತ್ರಿಯಿಡೀ ಗಾಳಿಗೆ ಹೊಡ್ಕೊಳ್ತಿತ್ತು. ಮಡಚಿ ಸಂದಿಗೆ ಸಿಕ್ಕಿಸಿದೆ.”

ಎಳೆದು ಬಿಡಿಸಿ ನೋಡಿದೆ. ಎರಚಲು ಹೊಡೆದು ಅಕ್ಕಿ ಇದ್ದಲ್ಲಿ ಒಂದು ನೀಲಿ ಕೆರೆ, ಬೆಲ್ಲ ಇದ್ದಲ್ಲಿ ಇನ್ನೊಂದು. ಅರಸಿನ ಎಲೆಯ ‘ಲೆ’ ಮಾತ್ರ ಸ್ಪಷ್ಟ ಉಂಟು. ಹಿಂದೆ ಬಾಗಿಲು ಮತ್ತೆ ಹೊಡೆದುಕೊಳ್ಳಲು ಶುರುವಾಯಿತು. ಭಟ್ರು ಮೊದಲ ರಿಂಗಿಗೇ ಫೋನ್ ಎತ್ತಿದರು.

“ಇದನ್ನೂ ಇಲಿಯಾ?”