ದಪ್ಪಕ್ಷರದಲ್ಲಿ ಬಂದದ್ದೆಲ್ಲ ಕಾಯಿಲೆಯಲ್ಲ
ಫುಲ್ ಬಾಡಿ ಚೆಕಪ್ಪಿನ ರಿಪೋರ್ಟಿನಲ್ಲಿ ನಾರ್ಮಲ್ ವ್ಯಾಪ್ತಿ ಮೀರಿ ದಪ್ಪಕ್ಷರದಲ್ಲಿ ಬಂದ ಪ್ರತಿ ಅಂಕಿಯೂ ಕಾಯಿಲೆಯ ಸೂಚನೆ ಅಂತ ನಿಮ್ಮ ಲೇಖನದಲ್ಲಿದೆ. ದಯವಿಟ್ಟು ಹಾಗೆ ಹೆದರಿಸಬೇಡಿ. ಆರೋಗ್ಯವಂತರಲ್ಲಿ ಶೇ. 95 ಮಂದಿಯ ಅಂಕಿಗಳು ಬೀಳುವ ಮಿತಿಯನ್ನೇ ಸಾಮಾನ್ಯವಾಗಿ 'ನಾರ್ಮಲ್' ಅಂತ ಹಾಕಿರುತ್ತಾರೆ. ಬೆಂಗಳೂರಿನ ಲ್ಯಾಬುಗಳು ಮಾರುವ 60-70 ಅಂಶಗಳ ಪ್ಯಾಕೇಜಿನಲ್ಲಿ ಒಂದೆರಡು ಆಚೀಚೆ ಆಗುವುದು ಸಹಜ.

ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಶೇ. 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹ. ಆದರೆ ಅದೇ ರಿಪೋರ್ಟಿನ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಅಂಕಿ) ಕಡೆಗೂ ಕಣ್ಣು ಹಾಯಿಸಿ. ಕಬ್ಬಿಣಾಂಶ ಕಡಿಮೆಯಿದ್ದರೆ ಕೆಂಪು ರಕ್ತಕಣಗಳು ಹೆಚ್ಚು ದಿನ ಉಳಿದು, ಅವಕ್ಕೆ ಹೆಚ್ಚು ಸಕ್ಕರೆ ಅಂಟಿಕೊಂಡು ಎಚ್‌ಬಿಎ1ಸಿ ಸುಳ್ಳೇ ಏರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಇದನ್ನು ಮರೆಯಲೇಬಾರದು. ಖಾಲಿ ಹೊಟ್ಟೆಯ ಸಕ್ಕರೆಯ ಜೊತೆ ತಾಳೆ ನೋಡಿ. ಕೂದಲಿಗೆಂದು ಬಯೋಟಿನ್ (ಒಂದು ವಿಟಮಿನ್) ನುಂಗುವವರಿಗೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ತಪ್ಪಾಗಿ ಕಡಿಮೆ ಬರಬಹುದು; ರಕ್ತ ಕೊಡುವ ಕನಿಷ್ಠ 2 ದಿನ ಮೊದಲೇ ಅದನ್ನು ನಿಲ್ಲಿಸಿ. ಹಿಂದಿನ ದಿನ ಜಿಮ್ಮಿನಲ್ಲಿ ಭಾರ ಎತ್ತಿದ್ದರೆ ಎಸ್‌ಜಿಒಟಿ (ಲಿವರ್ ಪರೀಕ್ಷೆಯಲ್ಲಿ ನೋಡುವ ಕಿಣ್ವ) ಏರಿದ್ದು ಲಿವರಿನಿಂದಲ್ಲ, ಸ್ನಾಯುವಿನಿಂದ ಇರಬಹುದು.