ವೈಸ್‌ರಾಯ್‌ಗೊಂದು ಗೆಸ್ಟ್ ರೂಮು

ನಮ್ಮನೇಲಿ ಒಂದು ರೂಮಿದೆ, ಅದು ಯಾರದ್ದೂ ಅಲ್ಲ. ಒಳ್ಳೆ ಮಂಚ, ಒಳ್ಳೆ ಫ್ಯಾನು, ಗರಿಗರಿ ಬೆಡ್‌ಶೀಟು ಎಲ್ಲ ಅಲ್ಲೇ, ಆದ್ರೆ ಮಧ್ಯಾಹ್ನ ಹೋಗಿ ಒಂಚೂರು ಕಾಲು ಚಾಚಿದ್ರೆ ಸಾಕು, ಅಮ್ಮ "ಏಯ್, ಅದು ನೆಂಟ್ರಿಗೆ ಕಣೋ" ಅಂತ ಎಬ್ಬಿಸ್ತಾಳೆ. ನೆಂಟ್ರು ವರ್ಷಕ್ಕೆ ನಾಲ್ಕು ದಿನ ಬರ್ತಾರೆ, ಬಂದೋರೂ ಹೊರಗಡೆ ಚಾಪೆ ಹಾಸ್ಕೊಂಡು ಹರಟೆ ಹೊಡೀತಾ ಅಲ್ಲೇ ನಿದ್ದೆ ಹೋಗ್ತಾರೆ.

ಮೈಸೂರಿನ ಲಲಿತ ಮಹಲ್ ನೋಡಿದಾಗಲೆಲ್ಲ ನಂಗೆ ಈ ರೂಮೇ ನೆನಪಾಗೋದು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1921ರ ನವೆಂಬರ್ 18ಕ್ಕೆ ಶಂಕುಸ್ಥಾಪನೆ ಮಾಡಿ ಕಟ್ಟಿಸಿದ್ದು, ಅದೂ ಯಾರಿಗೆ, ಯಾವಾಗಲೋ ಒಂದ್ಸಲ ಬರೋ, ಬ್ರಿಟಿಷರ ಪರವಾಗಿ ದೇಶ ಆಳ್ತಿದ್ದ ವೈಸ್‌ರಾಯ್‌ಗೆ. ಊರೊಳಗೆ ಅಷ್ಟು ದೊಡ್ಡ ಅರಮನೆ ಇತ್ತಲ್ಲ, ಅಲ್ಲೇ ಒಂದು ಮೂಲೇಲಿ ಇಳಿಸಿದ್ರೆ ಆಗ್ತಿರಲಿಲ್ವಾ ಅಂದ್ರೆ, ಅರಮನೆ ಮಡಿ ಒಂದು ಕಡೆ, ಬಿಳಿ ದೊರೆಗಳ ಮಾಂಸದೂಟ ಇನ್ನೊಂದು ಕಡೆ, ಅದಕ್ಕೇ ಬೇರೆ ಮನೆ ಅಂತ ಮೈಸೂರು ಕಡೆ ಹೇಳ್ತಾರೆ. ನಿಜವೋ ಸುಳ್ಳೋ, ನಮ್ಮಜ್ಜಿ ಆಗಿದ್ರೆ ಎರಡನೇ ಪ್ರಶ್ನೆ ಕೇಳದೆ ಒಪ್ಕೊಳ್ತಿದ್ದ ಕಾರಣ ಅದು.

ನಕ್ಷೆ ಹಾಕಿದ್ದು ಬೊಂಬಾಯಿನ ಇ. ಡಬ್ಲ್ಯು. ಫ್ರಿಚ್ಲಿ, ಕಟ್ಟಿದ್ದು ಬಿ. ಮುನಿವೆಂಕಟಪ್ಪ, ಖರ್ಚು ಆ ಕಾಲದ 13 ಲಕ್ಷ. ಎರಡೇ ಅಂತಸ್ತು, ಜೋಡಿ ಜೋಡಿ ಕಂಬ, ಒಳಗೆ ಇಟಲಿ ಅಮೃತಶಿಲೆ ಮೆಟ್ಟಿಲು, ನೆತ್ತಿ ಮೇಲೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನ ನೆನಪಿಸೋ ಗುಮ್ಮಟ. ಚಾಮುಂಡಿ ಬೆಟ್ಟ ಹತ್ತುವಾಗ ಕೆಳಗೆ ಬೆಳ್ಳಗೆ, ಯಾರೋ ಬೆಣ್ಣೆ ಉಂಡೆ ಇಟ್ಟು ಮರೆತು ಹೋದಂಗೆ ಕಾಣುತ್ತೆ. ಚೆಂದ ಇದೆ, ಸುಳ್ಳು ಹೇಳಲ್ಲ. ಆದ್ರೂ ಸಮುದ್ರ ದಾಟಿ ಬಂದೋನಿಗೆ ಅವನೂರಿನ ಗುಮ್ಮಟಾನೇ ತೋರಿಸೋದು ಅಂದ್ರೆ, ನಮ್ಮೂರ ಊಟಕ್ಕೆ ಆಸೆಪಟ್ಟು ಬಂದ ಬೆಂಗಳೂರಿನ ಅಳಿಯನಿಗೆ ಅತ್ತೆ ನೂಡಲ್ಸ್ ಮಾಡಿ ಬಡಿಸಿದಂಗಲ್ವಾ?

ಹಾಗಂತ ಮೊದಲು ಬಿಳಿ ನೆಂಟರಿಗೆ ಮನೆ ಇರಲಿಲ್ಲ ಅಂತಲ್ಲ. ನಜರಬಾದಿನ ಗವರ್ಮೆಂಟ್ ಹೌಸ್ 1805ರಲ್ಲಿ ರೆಸಿಡೆಂಟ್, ಅಂದ್ರೆ ಮೈಸೂರಿನ ಬ್ರಿಟಿಷ್ ಪ್ರತಿನಿಧಿ, ಮಾರ್ಕ್ ವಿಲ್ಕ್ಸ್ ಶುರುಮಾಡಿದ್ದು, ಅದರ ಊಟದ ಹಾಲು ಡಿ ಹ್ಯಾವಿಲೆಂಡ್ ಅನ್ನೋ ಇಂಜಿನಿಯರ್ರು ನಡುವೆ ಒಂದೂ ಕಂಬ ಇಲ್ಲದಂಗೆ ಕಟ್ಟಿದ್ದು. ಆ ಮನುಷ್ಯಂದು ಸ್ವಲ್ಪ ಹಠದ ಕೇಸು. ಶ್ರೀರಂಗಪಟ್ಟಣದಲ್ಲಿ ನೂರಡಿಗೂ ಉದ್ದದ ಇಟ್ಟಿಗೆ ಕಮಾನು ಕಟ್ಟಿ, ಕಾವೇರಿಗೆ ಹಿಂಗೇ ಸೇತುವೆ ಹಾಕಬಹುದು ನೋಡ್ರಿ ಅಂತ ತೋರಿಸಿದ್ದ, ಮೇಲೆ ನಿಂತು ಕುಣಿದ್ರೆ ಕಮಾನು ಅದುರ್ತಿತ್ತಂತೆ, 1936ರಲ್ಲಿ ಬಿದ್ದೋಯ್ತು.

ಒಂದ್ಸಲ ದೊಡ್ಡಮ್ಮನ್ನ ಲಲಿತ ಮಹಲ್ ತೋರಿಸೋಕೆ ಕರ್ಕೊಂಡು ಹೋಗಿದ್ದೆ. ಮೆಟ್ಟಿಲ ಹತ್ರ ನಿಂತು ಮೇಲೆ ನೋಡಿದ್ರು, ಕೆಳಗೆ ನೋಡಿದ್ರು, ಕೊನೆಗೆ "ಇಷ್ಟು ದೊಡ್ಡ ಮನೇಲಿ ಕಸ ಗುಡಿಸೋರ್ ಯಾರಪ್ಪ?" ಅಂದ್ರು. ಇತಿಹಾಸ ಹೇಳೋಕೆ ತಯಾರಾಗಿ ಬಂದಿದ್ದ ನಂಗೆ ಮಾತೇ ಬರಲಿಲ್ಲ. ನಮ್ಮ ತಾಲ್ಲೂಕಿನ ಐಬೀಲಿ, ಅದೇ ಸಾಹೇಬ್ರು ಇಳ್ಕೊಳ್ಳೋ ಸರ್ಕಾರಿ ಬಂಗಲೇಲಿ, ಒಬ್ಬ ಮೇಟಿ ಇದ್ದ, ಸಾಹೇಬ್ರು ಬರ್ತಾರೆ ಅಂತ ಎರಡು ದಿನ ಗುಡಿಸಿ ಒರೆಸಿ ಇಡೋನು, ಸಾಹೇಬ್ರು ಜೀಪಲ್ಲಿ ಬಂದು ಒಂದು ಕಾಫಿ ಕುಡಿದು ಹೊರಟುಬಿಡೋರು. ರಾತ್ರಿ ಅವನು ಮಲಗ್ತಿದ್ದದ್ದು ಹಿಂದಿನ ಶೆಡ್ಡಲ್ಲಿ.

1947ಕ್ಕೆ ವೈಸ್‌ರಾಯ್ ಅನ್ನೋ ನೆಂಟನೇ ಇಲ್ಲವಾದ. 1974ರಲ್ಲಿ ಲಲಿತ ಮಹಲ್ ಹೋಟ್ಲಾಯ್ತು, ದುಡ್ಡು ಕೊಟ್ಟೋರೆಲ್ಲ ಅತಿಥಿಗಳೇ, ದೊರೆಗಳು ಡ್ಯಾನ್ಸ್ ಮಾಡಬೇಕಿದ್ದ ಹಾಲಲ್ಲಿ ಊಟದ ಟೇಬಲ್ಲು ಬಂದ್ವು.

ನಮ್ಮನೆ ರೂಮಲ್ಲೂ ಈಗ ಎರಡು ಮೂಟೆ ಅಕ್ಕಿ, ತೆಂಗಿನಕಾಯಿ ರಾಶಿ, ಕೆಟ್ಟೋಗಿರೋ ಮಿಕ್ಸಿ ಇದಾವೆ. ಮಂಚದ ಮೇಲೆ ಮಾತ್ರ ಏನೂ ಇಡೋಹಾಗಿಲ್ಲ.